ಡಯಾಲಿಸಿಸ್ ಆಗುತ್ತಿರುವವರಿಗೆ ಬೀಟ್‌ರೂಟ್ ರಸ ಕೊಟ್ಟರೆ ರಕ್ತ ಏರುತ್ತದೆಯೇ?

ಪ್ರಶ್ನೆ: ತಂದೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹಿಮೋಗ್ಲೋಬಿನ್ 7.8. ದಿನವೂ ಬೀಟ್‌ರೂಟ್, ದಾಳಿಂಬೆ ರಸ ಕುಡಿಸಿದರೂ ರಕ್ತ ಏರುತ್ತಿಲ್ಲ. ಇನ್ನೇನು ಕೊಡಬೇಕು?
— ಓದುಗರು, ಶ್ರೀನಿವಾಸಪುರ

ಉತ್ತರ: ಮೊದಲು ಆ ರಸ ನಿಲ್ಲಿಸಿ. ಕೋಲಾರ ಜಿಲ್ಲೆಯ ಎಷ್ಟು ಮನೆಗಳಿಗೆ ಈ ಮಾತು ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ವಾರಕ್ಕೊಮ್ಮೆಯಾದರೂ ಇದೇ ಪ್ರಶ್ನೆ ಬರುತ್ತದೆ. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಪೊಟ್ಯಾಸಿಯಂ ಮಾತ್ರ 300 ಮಿಲಿಗ್ರಾಂ ದಾಟುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ಮುಂದಿನ ಡಯಾಲಿಸಿಸ್‌ವರೆಗೆ ಅದು ರಕ್ತದಲ್ಲೇ ಸೇರುತ್ತದೆ, ಮಿತಿ ಮೀರಿದರೆ ಹೃದಯವೇ ನಿಲ್ಲಬಹುದು. ದಾಳಿಂಬೆ ರಸ, ಖರ್ಜೂರ, ಎಳನೀರು, ಎಲ್ಲವೂ ಇದೇ ಸಾಲಿನವು. ನೀರನ್ನು ಲೋಟ ಅಳೆದು ಕುಡಿಯುವವರಿಗೆ ರಸವೂ ನೀರಿನ ಲೆಕ್ಕಕ್ಕೇ ಬರುತ್ತದೆ.

ರಕ್ತಕಣ ತಯಾರಿಸಲು ಮೂಳೆಯ ಮಜ್ಜೆಗೆ ಅಪ್ಪಣೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಹುಟ್ಟುವುದು ಬಹುಪಾಲು ಕಿಡ್ನಿಯಲ್ಲಿ. ಕಿಡ್ನಿ ಸೋತಾಗ ಅಪ್ಪಣೆಯೂ ನಿಲ್ಲುತ್ತದೆ. ಯಾವ ಹಣ್ಣಿನಲ್ಲೂ ಅದು ಸಿಗುವುದಿಲ್ಲ, ಅದಕ್ಕೇ ಇಂಜೆಕ್ಷನ್. ಪ್ರತಿ ಸಲ ಯಂತ್ರದ ಕೊಳವೆಯಲ್ಲಿ ಸ್ವಲ್ಪ ರಕ್ತ ಉಳಿಯುವುದರಿಂದ ಕಬ್ಬಿಣವೂ ಸೋರಿಹೋಗುತ್ತದೆ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆ ಯಾವಾಗ ಆಯಿತೆಂದು ವೈದ್ಯರನ್ನು ಕೇಳಿ. ಕೊರತೆಯಿದ್ದರೆ ಕಬ್ಬಿಣವನ್ನು ರಕ್ತನಾಳಕ್ಕೇ ಕೊಡುತ್ತಾರೆ. ಹಿಮೋಗ್ಲೋಬಿನ್ ಸಾಮಾನ್ಯವಾಗಿ 10ರಿಂದ 11.5ರ ನಡುವೆ ಇದ್ದರೆ ಸಾಕು. ಇಂಜೆಕ್ಷನ್‌ನಿಂದ 13 ದಾಟಿಸುವುದು ಅಪಾಯ.

ಕೊಡಬೇಕಾದದ್ದು ಪ್ರೋಟೀನ್. ಡಯಾಲಿಸಿಸ್ ಶುರುವಾಗುವ ಮೊದಲು ಕಡಿಮೆ ಮಾಡಿ ಎಂದದ್ದು ನಿಜ, ಆದರೆ ಅದು ಆಗಿನ ಮಾತು. ಈಗ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು: 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯ ಬಿಳಿಯಲ್ಲಿ ಸುಮಾರು 3.5 ಗ್ರಾಂ ಇದೆ, ಕೆಟ್ಟ ಕಿಡ್ನಿ ಹೊರಹಾಕಲಾರದ ಇನ್ನೊಂದು ವಸ್ತುವಾದ ರಂಜಕ (ಫಾಸ್ಫರಸ್) ಅತಿ ಕಡಿಮೆ. ಮೊಟ್ಟೆ ತಿನ್ನುವ ಮನೆಯಾದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ನೀವು ಕೇಳದಿದ್ದರೂ ಬಸ್ಸಾರಿನ ವಿಷಯ ಹೇಳಲೇಬೇಕು. ಸೊಪ್ಪು ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ ಎಂದು ನಾವು ಹೇಳುತ್ತೇವೆ, ಮನೆಯವರೂ ತಪ್ಪದೆ ಬಸಿಯುತ್ತಾರೆ. ಆಮೇಲೆ ಅದೇ ನೀರಿಗೆ ಖಾರ ಕದಡಿ, ಬಸ್ಸಾರು ಮಾಡಿ, ಮುದ್ದೆಯ ಜೊತೆ ರೋಗಿಗೇ ಬಡಿಸುತ್ತಾರೆ. ಸೊಪ್ಪಿನಿಂದ ಇಳಿದ ಪೊಟ್ಯಾಸಿಯಂ ಇರುವುದು ಆ ಸಾರಿನಲ್ಲೇ. ತಂದೆಯವರಿಗೆ ಪಲ್ಯ ಹಾಕಿ, ಬಸ್ಸಾರನ್ನು ನೀವು ಉಣ್ಣಿ.