ಅಬ್ಸಿಡಿಯನ್‌ನಲ್ಲಿ ಆ 'ಡಿ' ಎಲ್ಲಿಂದ ಬಂತು ಮಾರಾಯ್ರೆ

ದೃಷ್ಟಿ ತಾಗದಿರಲಿ ಅಂತ ಕೈಗೆ ಕಪ್ಪು ಮಣಿಯ ಬ್ರೇಸ್ಲೆಟ್ ಹಾಕುವವರು ಈಗ ಉಡುಪಿ, ಮಂಗ್ಳೂರು ಎಲ್ಲಾ ಕಡೆ ಕಾಣ್ತಾರೆ. ಅದರ ಹೆಸರು ಕೇಳಿದ್ರೆ ಒಬ್ರು ಅಬ್ಸಿಡಿಯನ್ ಅಂತಾರೆ, ಇನ್ನೊಬ್ರು ಒಬ್ಸಿಡಿಯನ್, ಮತ್ತೊಬ್ರು ಅಗ್ನಿಶಿಲೆ (ಹಾಗಾದ್ರೆ ಕಾರ್ಕಳದ ಗ್ರಾನೈಟ್ ಸಹ ಅಗ್ನಿಶಿಲೆಯೇ ಅಲ್ವಾ). ನಮ್ಮ ಪಕ್ಕದ್ಮನೆ ಹುಡುಗಿ ಹಾಕಿಕೊಂಡು ಬಂದಾಗ ಅವಳ ಅಜ್ಜಿ ಕೇಳಿದ್ದು, "ಇದೆಂತ ಮಗಾ, ಕರಿಮಣಿಯಾ?"

ಅಜ್ಜಿ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ, ಯಾಕಂದ್ರೆ ಇದು ಗಾಜೇ. ಸಿಲಿಕಾ ಜಾಸ್ತಿ ಇರುವ ಲಾವಾ ಹರಳುಗಟ್ಟುವಷ್ಟು ಪುರ್ಸೊತ್ತಿಲ್ಲದೆ ಬೇಗ ತಣಿದ್ರೆ ಹೀಗಾಗ್ತದೆ, ಒಡೆದ ಜಾಗ ಮರುವಾಯಿ ಚಿಪ್ಪಿನ ಹಾಗೆ ಗೆರೆಗೆರೆಯಾಗಿ ಬಾಗಿರ್ತದೆ, ಅಂಚು ಮಾತ್ರ ಬ್ಲೇಡೇ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಸಹ ಸಿಲಿಕಾ ಲಾವಾದ್ದೇ, ಆದ್ರೆ ಅದು ಹರಳುಗಟ್ಟಿದ ಕಲ್ಲು, ವಯಸ್ಸು ಸುಮಾರು 8.8 ಕೋಟಿ ವರ್ಷ. ಅಷ್ಟು ಹಳೇ ಗಾಜು ಗಾಜಾಗಿ ಉಳಿಯುವುದೇ ಕಡಿಮೆ. ನಮ್ಮ ಕರಾವಳಿಯಲ್ಲಿ ಈ ಗಾಜಿನ ಕಲ್ಲೇ ಇಲ್ಲ, ಹಾಗಾಗಿ ಹೆಸರೂ ಇಲ್ಲ.

ಕಲ್ಲಿದ್ದ ಕಡೆ ಹಾಗಲ್ಲ. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಇಟ್ಸ್‌ಟ್ಲಿ, ಅದರಲ್ಲಿ ಚೂರಿ, ಕನ್ನಡಿ ಎರಡೂ ಮಾಡ್ತಿದ್ರು. ಮಾವೋರಿಯಲ್ಲಿ ತೂಹುವಾ, ಆ ಕಲ್ಲು ಸಿಗುವ ದ್ವೀಪಕ್ಕೂ ಅದೇ ಹೆಸರು. ಐಸ್‌ಲ್ಯಾಂಡಿನವರು ಕಾಗೆ ಜಾತಿಯ ರೇವನ್ ಹಕ್ಕಿಯನ್ನು ಸೇರಿಸಿ ಹ್ರಾಫ್ನ್‌ತಿನ್ನಾ ಅಂದ್ರು, ಜಪಾನಿನವರು ಕಪ್ಪಗೆ ಹೊಳೆಯುವ ಕಲ್ಲು ಅಂತ ಕೊಕುಯೋಸೆಕಿ ಅಂದ್ರು.

ಇನ್ನು ಅಬ್ಸಿಡಿಯನ್. ಒಂದನೇ ಶತಮಾನದ ರೋಮಿನಲ್ಲಿ ಪ್ಲಿನಿ ಅಂತ ಒಬ್ಬ ಲೇಖಕ ಇದ್ದ, ಮೆಣಸಿನ ವ್ಯಾಪಾರಕ್ಕೆ ಬರುವ ಹಡಗಿನವರು 'ನಿಟ್ರಿಯಾಸ್' ಎಂಬ ಜಾಗದ ಕಡಲ್ಗಳ್ಳರ ಬಗ್ಗೆ ಹುಷಾರಾಗಿರಬೇಕು ಅಂತ ಬರೆದವ (ಅದು ನಮ್ಮ ನೇತ್ರಾವತಿ ಕಡೆಯೇ ಅಂತ ಹಲವು ಇತಿಹಾಸಕಾರರ ಲೆಕ್ಕ, ಹೆಮ್ಮೆ ಪಡುವುದೋ ಬೇಡ್ವೋ ಗೊತ್ತಿಲ್ಲ). ಅದೇ ಪುಸ್ತಕದಲ್ಲಿ, ಇಥಿಯೋಪಿಯಾದಲ್ಲಿ ಆಬ್ಸಿಯಸ್ ಎಂಬವನಿಗೆ ಸಿಕ್ಕಿದ ಕಲ್ಲು ಅಂತ ಇದರ ಹೆಸರಿನ ಕತೆ ಉಂಟು. ಆ ಲೆಕ್ಕದಲ್ಲಿ ಹೆಸರು 'ಆಬ್ಸಿಯಾನಸ್' ಆಗ್ಬೇಕು, 'ಡ' ಇಲ್ಲವೇ ಇಲ್ಲ. ಅದೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ, ಕೆಂಪು ಸಮುದ್ರದಿಂದ ನಮ್ಮ ಕರಾವಳಿ ತನಕದ ಬಂದರು ಲೆಕ್ಕ ಹಾಕಿದ್ದು, ಅದರಲ್ಲೂ 'ಒಪ್ಸಿಯನೋಸ್' ಅಂತಲೇ ಇರುವುದು. ಪ್ಲಿನಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದಲ್ಲಿ ಸತ್ತ, ಆಮೇಲೆ ಸಾವಿರ ಚಿಲ್ಲರೆ ವರ್ಷ ಪುಸ್ತಕ ಕೈಯಿಂದ ಕೈಗೆ ನಕಲಾಯ್ತು, 1469ರಲ್ಲಿ ವೆನಿಸ್‌ನಲ್ಲಿ ಪ್ರಿಂಟಾಯ್ತು. ಈ ದಾರಿಯಲ್ಲಿ ಎಲ್ಲೋ 'ಡಿ' ಹೊಕ್ಕಿತು, ಶುರುವಿನ ಮುದ್ರಣಗಳಲ್ಲಿ ಹಾಗೇ ಕೂತಿತು. ನಕಲು ಮಾಡುವವರಿಗೂ ಕಣ್ಣು ಮಂಜಾಗ್ತದೆ, ಯಾರನ್ನು ದೂರುವುದು? ಅಲ್ಲಿಂದ ಸ್ಪ್ಯಾನಿಷ್, ಜರ್ಮನ್, ರಷ್ಯನ್, ಇಂಗ್ಲಿಷ್, ಇಂಗ್ಲಿಷಿನಿಂದ ನಮಗೆ.

ಈಗ 'ಅ'ಯಾ 'ಒ'ಯಾ ಅಂತ ಜಗಳ ಮಾಡುವವರು ಕಾಪಿ ಮಿಸ್ಟೇಕಿನ ಸ್ಪೆಲ್ಲಿಂಗ್ ತಿದ್ದುತ್ತಿರುವುದು, ಅಷ್ಟೇ. ನನಗೆ ಗಾಜುಕಲ್ಲು ಅಂದ್ರೆ ಧಾರಾಳ ಸಾಕು ಅಂತ ಕಾಣ್ತದೆ.

"ಕರಿಮಣಿ ಅಲ್ಲ ಅಜ್ಜಿ, ಅಬ್ಸಿಡಿಯನ್" ಅಂದ್ಲು ಹುಡುಗಿ. ಅಜ್ಜಿ ಎರಡು ಸಲ ಹೇಳಿ ನೋಡಿದ್ರು, ಎರಡು ಸಲವೂ ಬಾಯಲ್ಲಿ ಬಂದದ್ದು "ಅಬ್ಸಿಯನ್".