ಹಾಲುಹಲ್ಲಿನ ಹುಳುಕು: ತಾಯ್ತಂದೆಯರ ಜೊತೆ ಮಾತಾಡುವ ಬಗೆ (ಮಕ್ಕಳ ದಂತ ವಿಭಾಗದ ಪೋಸ್ಟಿಂಗ್‌ಗೆ ಟಿಪ್ಪಣಿ)

ಎರಡೂವರೆ ವರ್ಷದ ಮಗು. ಮೇಲಿನ ನಾಲ್ಕು ಮುಂದಿನ ಹಲ್ಲು ಕಂದುಬಣ್ಣಕ್ಕೆ ತಿರುಗಿ ಸವೆದಿವೆ, ಕೆಳಗಿನ ನಾಲ್ಕು ಬೆಳ್ಳಗಿವೆ. ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿರುತ್ತದೆ, ಅಲ್ಲೇ ಉಗುಳೂ ಧಾರಾಳ. ಹಾಗಾಗಿ ಈ ಚಿತ್ರ ಕಂಡ ಕೂಡಲೇ ನಮಗೆ ರಾತ್ರಿಯ ಬಾಟಲಿ ನೆನಪಾಗುತ್ತದೆ, ಬಾಯಿಂದ ಪ್ರಶ್ನೆ ಹೊರಬಿದ್ದೇ ಬಿಡುತ್ತದೆ: "ರಾತ್ರಿ ಬಾಟ್ಲಿ ಕೊಡ್ತೀರಾ?" ತಾಯಿ "ಇಲ್ಲ" ಅನ್ನುತ್ತಾರೆ. ಆ ಪ್ರಶ್ನೆಯಲ್ಲಿ ಅವರಿಗೆ ಕೇಳಿಸಿದ್ದು ಬೈಗುಳ. ಅಲ್ಲಿಗೆ ಕೇಸ್ ಹಿಸ್ಟರಿಯೇ ತಪ್ಪಾಯಿತು.

ಬದಲಿಗೆ ಹೀಗೆ ಕೇಳಿ: "ಸಂಜೆಯಿಂದ ಬೆಳಗ್ಗೆವರೆಗೂ ಪುಟ್ಟ ಏನೇನು ತಿಂತಾನೆ, ಕುಡೀತಾನೆ, ಸ್ವಲ್ಪ ಹೇಳ್ತೀರಾಮ್ಮ?" ಬಾಟಲಿ, ಸಕ್ಕರೆ ಹಾಕಿದ ಹಾಲು, ಚಹಾದಲ್ಲಿ ಅದ್ದಿದ ರಸ್ಕ್, ಹಠ ಮಾಡಿದಾಗ ಕೊಟ್ಟ ಬೆಲ್ಲ, ಎಲ್ಲವೂ ತಾವಾಗಿ ಬರುತ್ತವೆ. ನಡುವೆ ಬಾಯಿ ಹಾಕಬೇಡಿ. ಎಣಿಸಬೇಕಾದದ್ದು ಎಷ್ಟು ಚಮಚ ಸಕ್ಕರೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಸಿಹಿ ಅನ್ನುವುದನ್ನು. ಪ್ರತಿ ಸಲವೂ ಹಲ್ಲಿನ ಮೇಲಿನ ಪಾಚಿಯ ಪಿಎಚ್ 5.5ಕ್ಕಿಂತ ಕೆಳಗಿಳಿದು (ಅಂದರೆ ಹಲ್ಲು ಕರಗುವಷ್ಟು ಆಮ್ಲವಾಗಿ), ಮೇಲೇರಲು ಅರ್ಧ ಗಂಟೆಯಾದರೂ ಬೇಕು. ನಿದ್ದೆಯಲ್ಲಿ ಉಗುಳು ಕಡಿಮೆ, ಆಗ ಇನ್ನೂ ತಡ.

ಮಾತಿನಿಂದ ಏನಾದೀತು ಅನ್ನುವವರಿಗೆ ಒಂದು ಲೆಕ್ಕ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ ಪಂಜಾಬಿ ಕುಟುಂಬಗಳ 240 ಕೂಸುಗಳ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಕರಪತ್ರ, ವಿಡಿಯೊ ಎರಡೂ ಗುಂಪಿಗೆ ಸಿಕ್ಕಿದ್ದವು. ಒಂದು ಗುಂಪಿನ ತಾಯಂದಿರ ಜೊತೆ ಮಾತ್ರ ಒಮ್ಮೆ ಕುಳಿತು ಮಾತಾಡಿ, ಆಮೇಲೆ ಆರು ಸಲ ಫೋನ್ ಮಾಡಿದರು. ವರ್ಷದ ನಂತರ ಆ ಗುಂಪಿನಲ್ಲಿ ಮಗುವಿಗೆ ಹೊಸ ಹುಳುಕು ಸರಾಸರಿ 0.71, ಇನ್ನೊಂದರಲ್ಲಿ 1.91. ನಮ್ಮ ಪಠ್ಯದಲ್ಲಿ ಬರುವ 'ಮೋಟಿವೇಷನಲ್ ಇಂಟರ್‌ವ್ಯೂಯಿಂಗ್' ಇದೇ: ಕೇಳು, ಒಪ್ಪಿಗೆ ಪಡೆದು ಹೇಳು, ಮತ್ತೆ ಕೇಳು.

ತೋರಿಸುವುದು

ಮೂರು ವರ್ಷದೊಳಗಿನ ಮಗುವನ್ನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ನೋಡಿ. ಮಗು ತಾಯಿಗೆ ಮುಖ ಮಾಡಿ ಕಾಲುಗಳನ್ನು ಅವರ ಸೊಂಟದ ಎರಡೂ ಬದಿಗೆ ಹಾಕಿಕೊಂಡು, ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತದೆ. ಅಳುತ್ತದೆ ಎಂದು ಮೊದಲೇ ಹೇಳಿಬಿಡಿ. ಅತ್ತರೆ ಬಾಯಿ ತೆರೆಯುತ್ತದೆ, ಕೆಲಸ ಸಲೀಸು. ಮೇಲ್ದುಟಿ ಎತ್ತಿ ವಸಡಿನ ಅಂಚಿನ ಸುಣ್ಣದಂಥ ಬಿಳಿ ಗೆರೆಯನ್ನು ತಾಯಿಗೇ ತೋರಿಸಿ. "ಹಲ್ಲಿಗೆ ಹುಳ ಬಿದ್ದಿದೆ" ಎಂದು ಅವರು ಅಂದರೆ ತಿದ್ದಲು ಹೋಗಬೇಡಿ. "ಹುಳುಕು ಶುರುವಾಗೋ ಮೊದ್ಲು ಹೀಗೆ ಕಾಣುತ್ತೆ, ಈ ಹಂತದಲ್ಲಿ ವಾಪಸ್ ಸರಿ ಮಾಡ್ಬಹುದು" ಅಂದರೆ ಸಾಕು. ತಿಂಗಳಿಗೊಮ್ಮೆ ಮನೆಯಲ್ಲೇ ತುಟಿ ಎತ್ತಿ ನೋಡಲು ಅವರಿಗೆ ಬಂತು.

"ಹಾಲುಹಲ್ಲು ತಾನೆ, ಹೇಗೂ ಬಿದ್ದೋಗುತ್ತೆ" ಎಂಬ ಮಾತಿಗೆ ಉಪದೇಶ ಬೇಡ, ವರ್ಷದ ಲೆಕ್ಕ ಕೊಡಿ. ಹಾಲಿನ ದವಡೆಹಲ್ಲು 10ರಿಂದ 12ನೇ ವಯಸ್ಸಿನವರೆಗೂ ಇರಬೇಕು. ನಾಲ್ಕರ ಮಗು ಇನ್ನೂ ಆರೇಳು ವರ್ಷ ಅದರಲ್ಲೇ ಅಗಿಯಬೇಕು. ಜೊತೆಗೆ ಆರನೇ ವರ್ಷದಲ್ಲಿ, ಯಾವ ಹಲ್ಲೂ ಬೀಳದೆ, ಹಿಂದುಗಡೆ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದು ಬಿಟ್ಟು ಕೆಡಿಸಿಕೊಂಡವರು ತೀರಾ ಸಾಮಾನ್ಯ.

ಪೇಸ್ಟ್

ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು. 1000 ಪಿಪಿಎಂ ಪೇಸ್ಟಿನ ಒಂದು ಗ್ರಾಂನಲ್ಲಿ ಹುಳುಕು ತಡೆಯುವ ಫ್ಲೋರೈಡ್ 1 ಮಿ.ಗ್ರಾಂ, ಅಕ್ಕಿಕಾಳು ಸುಮಾರು 0.1 ಗ್ರಾಂ, ಬಟಾಣಿ 0.25 ಗ್ರಾಂ. ಬಾಯಲ್ಲಿ ಹೇಳಿದರೆ ಕೆಲಸವಾಗದು, ಜಾಹೀರಾತಿನ ಉದ್ದನೆಯ ಪಟ್ಟಿಯೇ ಎಲ್ಲರ ಕಣ್ಣಲ್ಲಿರುತ್ತದೆ. ಬ್ರಷ್ ಮೇಲೆ ಹಾಕಿ ತೋರಿಸಿ, ನಂತರ ಅವರ ಕೈಯಿಂದಲೇ ಹಾಕಿಸಿ. ಟ್ಯೂಬಿನ ಮೇಲಿನ ಪಿಪಿಎಂ ಅಂಕಿಯನ್ನೂ ಓದಿಸಿ. 'ಮಕ್ಕಳ ಪೇಸ್ಟ್' ಎಂದು ಬರುವ ಕೆಲವಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಬ್ರಷ್ ಹಿಡಿಯಬೇಕಾದದ್ದು ದೊಡ್ಡವರು, ಏಳೆಂಟು ವರ್ಷದವರೆಗೂ.

ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ ಕಡೆಯ ಕುಟುಂಬವಾದರೆ ಮೊದಲು ನೀರಿನ ಬಗ್ಗೆ ಕೇಳಿ: ಬೋರ್‌ವೆಲ್ಲೋ, ಶುದ್ಧ ನೀರಿನ ಘಟಕದ್ದೋ? ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5. ಹೆಚ್ಚು ಫ್ಲೋರೈಡಿನ ಕಂದು ಕಲೆ ಮನೆಯವರ ಹಲ್ಲಲ್ಲೇ ಇರುವುದರಿಂದ, ಫ್ಲೋರೈಡ್ ಪೇಸ್ಟಿನ ಬಗ್ಗೆ ಅವರ ಭಯ ನಿಜವಾದದ್ದು. ಪೇಸ್ಟ್ ಬಿಡಿಸುವ ಬದಲು ನೀರು ಬದಲಿಸುವ ದಾರಿ ಹುಡುಕಿ. ಪೇಸ್ಟ್ ಅಕ್ಕಿಕಾಳಿನಷ್ಟೇ ಇರಲಿ, ನೊರೆಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಲಿ.

ಬಾಟಲಿ ಬಿಡಿಸುವಾಗ

"ಇವತ್ತಿಂದಲೇ ನಿಲ್ಲಿಸಿ" ಅಂದರೆ ಮಗು ರಾತ್ರಿಯೆಲ್ಲ ಅಳುತ್ತದೆ, ಮೂರನೇ ದಿನ ಬಾಟಲಿ ಮರಳುತ್ತದೆ, ತಾಯಿ ಮುಖ ತೋರಿಸಲು ನಾಚಿ ಮುಂದಿನ ಭೇಟಿಗೆ ಬರುವುದಿಲ್ಲ. ಮೊದಲು ಸಕ್ಕರೆ ನಿಲ್ಲಲಿ. ನಂತರ ಎರಡು ಮೂರು ವಾರದಲ್ಲಿ ರಾತ್ರಿಯ ಹಾಲಿಗೆ ನೀರು ಹೆಚ್ಚಿಸುತ್ತಾ ಬರೀ ನೀರಿಗೆ ಬರಲಿ. ಇದು ವರ್ಷ ದಾಟಿದ ಮಕ್ಕಳಿಗೆ, ರಾತ್ರಿಯ ಬಾಟಲಿಗೆ ಮಾತ್ರ. ಹಗಲಿನ ಹಾಲಿಗೆ ನೀರು ಬೆರೆಸಬಾರದು. ಎದೆಹಾಲು ಬಿಡಿಸಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಮಲಗುವ ಮುಂಚೆ ಹಲ್ಲುಜ್ಜಿಸಲು ಹೇಳಿ.

ಒಂದು ಭೇಟಿಗೆ ಒಂದೇ ಬದಲಾವಣೆ. "ಇದರಲ್ಲಿ ನಿಮ್ಮ ಮನೇಲಿ ಯಾವುದು ಸುಲಭ?" ಎಂದು ಕೇಳಿ, ಅವರೇ ಆರಿಸಲಿ. ಅಜ್ಜಿ ಜೊತೆಗೆ ಬಂದಿದ್ದರೆ ಅವರನ್ನು ಹೊರಗೆ ಕೂರಿಸಬೇಡಿ. ಹಗಲು ಮಗುವನ್ನು ನೋಡಿಕೊಳ್ಳುವವರು ಅವರೇ ಆಗಿದ್ದರೆ ಕೇಳಬೇಕಾದ್ದು ಅವರನ್ನೇ.

38% ಸಿಲ್ವರ್ ಡೈಅಮೀನ್ ಫ್ಲೋರೈಡ್ (ಹುಳುಕು ಮುಂದುವರಿಯದಂತೆ ತಡೆಯುವ ದ್ರಾವಣ) ಹಚ್ಚುವ ಮುನ್ನ ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ ಎಂದು ಫೋಟೊ ತೋರಿಸಿ ಒಪ್ಪಿಗೆ ಪಡೆಯಿರಿ, ಫೋಟೊವನ್ನು ಅವರ ಮೊಬೈಲಿಗೂ ಕಳಿಸಿ. ಮನೆಯಲ್ಲಿ ಉಳಿದವರಿಗೆ ಉತ್ತರ ಹೇಳಬೇಕಾದವರು ಅವರು.

ಕೇಸ್ ಶೀಟಿನಲ್ಲಿ 'ಸಲಹೆ ನೀಡಲಾಯಿತು' ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯದು. 'ರಾತ್ರಿಯ ಹಾಲಿಗೆ ಸಕ್ಕರೆ ನಿಲ್ಲಿಸಲು ಅಜ್ಜಿ ಒಪ್ಪಿದ್ದಾರೆ, ಎರಡು ವಾರಕ್ಕೆ ಫೋನ್' ಎಂದು ಬರೆಯಿರಿ. ಫೋನ್ ಮಾಡಿದಾಗ "ನಿಲ್ಲಿಸಿದ್ರಾ?" ಅನ್ನಬೇಡಿ. "ಮೊದಲ್ನೇ ರಾತ್ರಿ ಹೇಗಿತ್ತು ಅಜ್ಜಿ?" ಅಂತ ಶುರುಮಾಡಿ.