ಕೂಲಮ್, ಆಂಪಿಯರ್ ಅವರ್: ಆವೇಶದ ಸೇರು ಮತ್ತು ಮುಡಿ

ಕಾಸರಗೋಡಿನ ಬದಿಯಡ್ಕದ ಕಡೆ ತುಲಾ ತಿಂಗಳ ಮಧ್ಯಾಹ್ನ ಗುಡುಗಿತು ಅಂದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಆಮೇಲೆ ಮನೆ ನಡೆಯುವುದು ಜಗಲಿ ಮೂಲೆಯ ಇನ್ವರ್ಟರ್ ಬ್ಯಾಟರಿಯಿಂದ. ಮೊನ್ನೆ ಅದಕ್ಕೆ ನೀರು ಹಾಕುವಾಗ ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗ ಬಗ್ಗಿ ಲೇಬಲ್ ಓದಿದ. 12 ವೋಲ್ಟ್, 150 ಎ.ಎಚ್., ಅಂದರೆ ಆಂಪಿಯರ್ ಅವರ್. "ಆವೇಶವನ್ನು ಅಳೆಯುವುದು ಕೂಲಮ್‌ನಲ್ಲಿ ಅಂತ ಕಲಿತಿದ್ದೇವಲ್ಲ, ಇದರಲ್ಲಿ ಕೂಲಮ್ಮೇ ಇಲ್ಲ?" ಅಂದ.

ಒಳ್ಳೆಯ ಪ್ರಶ್ನೆ. ಆದರೆ ಮೊದಲು ಆವೇಶ ಅನ್ನುವ ಪದವನ್ನೇ ನೋಡೋಣ. ನಮ್ಮೂರಲ್ಲಿ ಆವೇಶ ಅಂದರೆ ದೈವ ಮೈಮೇಲೆ ಬರುವುದು. ಮಲಯಾಳದಲ್ಲಿ ಅದೇ ಪದಕ್ಕೆ ಹುರುಪು ಎಂಬ ಅರ್ಥ. ಪುಸ್ತಕದ ವಿದ್ಯುದಾವೇಶ ಇವೆರಡೂ ಅಲ್ಲ. ಎಲೆಕ್ಟ್ರಾನ್, ಪ್ರೋಟಾನ್‌ಗಳಿಗೆ ಹುಟ್ಟಿನಿಂದಲೇ ಇರುವ ಗುಣ ಅದು, ಇಂಗ್ಲಿಷಿನ ಚಾರ್ಜ್. ಅಕ್ಕಿಯ ಹಾಗೆ ಅದನ್ನೂ ಅಳೆಯಬಹುದು. ತಂತಿಯಲ್ಲಿ ಒಂದು ಆಂಪಿಯರ್ ಕರೆಂಟು ಒಂದು ಸೆಕೆಂಡ್ ಹರಿದರೆ, ದಾಟಿಹೋದ ಆವೇಶ ಒಂದು ಕೂಲಮ್. ಎಲೆಕ್ಟ್ರಾನ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನ್‌ಗಳು. ಹೆಸರು ಬಂದದ್ದು ಫ್ರಾನ್ಸಿನ ಸೇನಾ ಇಂಜಿನಿಯರ್ ಶಾರ್ಲ್ ಕೂಲಮ್‌ನಿಂದ. 1785ರಲ್ಲಿ ಅವನು ಸಪೂರ ತಂತಿ ಎಷ್ಟು ತಿರುಚಿಕೊಂಡಿತು ಎಂದು ನೋಡಿಯೇ ಆವೇಶಗಳ ನಡುವಿನ ಬಲವನ್ನು ಅಳೆದಿದ್ದ.

ಬ್ಯಾಟರಿ ಮಾರುವವರಿಗೆ ಸೆಕೆಂಡಿನ ಲೆಕ್ಕ ಬೇಡ, ಗಂಟೆಯ ಲೆಕ್ಕ ಬೇಕು. ಗಂಟೆಗೆ 3,600 ಸೆಕೆಂಡ್. ಹಾಗಾಗಿ ಒಂದು ಆಂಪಿಯರ್ ಅವರ್ ಅಂದರೆ 3,600 ಕೂಲಮ್, ಅಷ್ಟೇ. ಅಜ್ಜನ ಕಾಲದಲ್ಲಿ ಅಕ್ಕಿ ಮುಡಿಗೆ 42 ಸೇರು ಅನ್ನುತ್ತಿದ್ದರಲ್ಲ, ಆ ಥರ. ನಮ್ಮ ಇನ್ವರ್ಟರಿನ 150 ಎ.ಎಚ್. ಅಂದರೆ 5,40,000 ಕೂಲಮ್. ತೋಟಕ್ಕೆ ಮದ್ದು ಬಿಡುವ ಸ್ಪ್ರೇಯರಿನ 8 ಎ.ಎಚ್. ಬ್ಯಾಟರಿ 28,800. ಮೊಬೈಲಿನಲ್ಲಿ ಬರೆದಿರುವುದು ಎಂ.ಎ.ಎಚ್., ಅದು ಆಂಪಿಯರ್ ಅವರ್‌ನ ಸಾವಿರದಲ್ಲೊಂದು ಪಾಲು. ಅದನ್ನು 3.6ರಿಂದ ಗುಣಿಸಿದರೆ ಕೂಲಮ್ ಸಿಗುತ್ತದೆ. 5,000 ಎಂ.ಎ.ಎಚ್. ಅಂದರೆ 18,000 ಕೂಲಮ್.

ರಸಾಯನಶಾಸ್ತ್ರದಲ್ಲಿ ಆವೇಶಕ್ಕೆ ಫ್ಯಾರಡೆ ಅಂತ ಇನ್ನೊಂದು ಅಳತೆ ಇದೆ, ಸುಮಾರು 96,485 ಕೂಲಮ್. ಹಳೆಯ ಸ್ಟ್ಯಾಟ್‌ಕೂಲಮ್ ತೀರಾ ಚಿಕ್ಕದು, ಒಂದು ಕೂಲಮ್‌ಗೆ ಸುಮಾರು 300 ಕೋಟಿ ಬೇಕು. ಮನೆಯಲ್ಲಿ ಇವೆರಡರ ಕೆಲಸ ಬೀಳುವುದಿಲ್ಲ.

ಅಷ್ಟರಲ್ಲಿ ಹೊರಗೆ ಸಿಡಿಲು. ಅದರಲ್ಲಿ ಎಷ್ಟು ಕೂಲಮ್ ಇರಬಹುದು? ಹುಡುಗ ಲಕ್ಷಗಟ್ಟಲೆ ಅಂದ. ಸಾಮಾನ್ಯ ಸಿಡಿಲಿನಲ್ಲಿ 15 ಕೂಲಮ್ ಆಸುಪಾಸು! 3.6ರಿಂದ ಭಾಗಿಸಿದರೆ ಬರೇ 4 ಎಂ.ಎ.ಎಚ್. ಅವನ ಅಪ್ಪನ ಮೊಬೈಲು ಅದರ ಸಾವಿರ ಪಟ್ಟಿಗಿಂತ ಜಾಸ್ತಿ ಆವೇಶ ಹರಿಸುತ್ತದೆ. ಹಾಗಿದ್ದರೆ ತೆಂಗಿನ ಮರ ಸೀಳುವುದು ಹೇಗೆ? ವೋಲ್ಟೇಜಿನಿಂದ. ಸಿಡಿಲಿನ ಹಿಂದೆ ಕೋಟಿಗಟ್ಟಲೆ ವೋಲ್ಟ್ ಇರುತ್ತದೆ, ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಗುಡ್ಡ ಕೊರೆದ ನೀರಿನ ಸುರಂಗದಿಂದ ಮೆಲ್ಲ ಇಳಿದು ಕೆರೆಗೆ ಸೇರುವ ಒಂದು ಕೊಡ ನೀರೂ, ಗುಡ್ಡದ ತಲೆಯಿಂದ ಒಮ್ಮೆಲೇ ತಲೆಗೆ ಬೀಳುವ ಒಂದು ಕೊಡ ನೀರೂ ಒಂದೇ ಅಲ್ವಾ? ಅಳತೆಯಲ್ಲಿ ಒಂದೇ, ಪೆಟ್ಟಿನಲ್ಲಿ ಅಲ್ಲ. ಕೂಲಮ್ ಹೇಳುವುದು ನೀರಿನ ಅಳತೆಯನ್ನು ಮಾತ್ರ, ಎತ್ತರವನ್ನು ಹೇಳುವುದು ವೋಲ್ಟ್.

ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. 150ನ್ನು 5ರಿಂದ ಭಾಗಿಸಿ, ಇನ್ವರ್ಟರಿನಿಂದ 30 ಮೊಬೈಲು ಚಾರ್ಜ್ ಮಾಡಬಹುದು ಅಂದ ಹುಡುಗ. ಎತ್ತರ ಬೇರೆ ಬೇರೆ ಕಣೋ ಅಂದೆ. 12 ವೋಲ್ಟನ್ನು 150ರಿಂದ ಗುಣಿಸಿದರೆ 1,800 ವಾಟ್ ಅವರ್, ಬಿಲ್ಲಿನ ಲೆಕ್ಕದಲ್ಲಿ 1.8 ಯೂನಿಟ್. ಮೊಬೈಲಿನ ಸೆಲ್ 3.7 ವೋಲ್ಟ್, 5 ಎ.ಎಚ್., ಅಂದರೆ 18.5 ವಾಟ್ ಅವರ್. ಕಾಗದದ ಮೇಲೆ 97 ಮೊಬೈಲು! ದಾರಿಯಲ್ಲಿ ಬಿಸಿಯಾಗಿ ಪೋಲಾಗುವುದನ್ನು ಕಳೆದರೆ ಇನ್ನೂ ಕಡಿಮೆ.

ಲೇಬಲ್ಲಿನ ಮೂಲೆಯಲ್ಲಿ ಸಿ20 ಅಂತಲೂ ಇತ್ತು. ಅಂದರೆ 7.5 ಆಂಪಿಯರಿನಂತೆ 20 ಗಂಟೆ ಎಳೆದರೆ ಮಾತ್ರ ಪೂರ್ತಿ 150. ಅವಸರದಲ್ಲಿ ಜಾಸ್ತಿ ಎಳೆದರೆ ಅಷ್ಟು ಕೊಡುವುದಿಲ್ಲ. ನಮ್ಮ ಮಿಕ್ಸಿ ಬ್ಯಾಟರಿಯಿಂದ ಸುಮಾರು 60 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಕರೆಂಟು ಹೋದ ದಿನ ನಮ್ಮಲ್ಲಿ ಚಟ್ನಿ ಕಡೆಯುವ ಕಲ್ಲಿನಲ್ಲೇ.